ನನ್ನ ಲೈಸೆನ್ಸೂ ಅವನ ನಿಂಬೆಹಣ್ಣೂ

ನಿಯಮ ಪಾಲಿಸುವವನ ಬದುಕಿನಲ್ಲಿ ನಗೆಪಾಟಲಿಗೆ ಎಂದೂ ಬರವಿಲ್ಲ. ಅದರಲ್ಲೂ ಕಡೂರು, ತರೀಕೆರೆ, ಅಜ್ಜಂಪುರದ ನಡುವೆ ಡ್ರೋನ್ ಹಾರಿಸಿ ಹೊಟ್ಟೆ ಹೊರೆಯುವವನಿಗೆ ವಾರಕ್ಕೊಂದು ಖಾತರಿ.

ನನ್ನ ಹತ್ತಿರ ಪೈಲಟ್ ಸರ್ಟಿಫಿಕೇಟ್ ಇದೆ, ಡ್ರೋನಿಗೆ ನೋಂದಣಿ ಇದೆ, ವಿಮೆ ಇದೆ. ಬೀರೂರಿನ ಫೋಟೋಗ್ರಾಫರ್ ಒಬ್ಬನ ಹತ್ತಿರ ಡ್ರೋನ್ ಮಾತ್ರ ಇದೆ. ಕೆಲಸವೆಲ್ಲ ಅವನಿಗೇ. ನಾನು ಕಾನ್ವೆಂಟಿನಲ್ಲಿ ಓದಿದವನು. ಅಸೂಯೆ ಪಾಪ ಎಂದು ಸಿಸ್ಟರುಗಳು ಬಾಯಿಪಾಠ ಮಾಡಿಸಿದ್ದರು. ಆದರೆ ಬೀರೂರಿನವನು ಅವರ ಸಿಲಬಸ್ಸಿನಲ್ಲಿ ಇರಲಿಲ್ಲ.

ಈ ವರ್ಷ ನಾನು ಆಸೆ ಇಟ್ಟುಕೊಂಡಿದ್ದು ಅಜ್ಜಂಪುರದ ಕಡೆಯ ಎತ್ತಿನಗಾಡಿ ಓಟದ ಮೇಲೆ. ಅದನ್ನು ಆಕಾಶದಿಂದ ಹಿಡಿದವನ ವಿಡಿಯೋ ಮೂರೂ ತಾಲ್ಲೂಕಿನ ಫೋನುಗಳಲ್ಲಿ ಓಡುತ್ತದೆ. ಮುಂದಿನ ಮದುವೆಗಳೆಲ್ಲ ಆಮೇಲೆ ಅವನವೇ. ಅದು ನನಗೇ ಸಿಗಬೇಕೆಂದು ಹಟ ಹಿಡಿದಿದ್ದೆ.

೧. ಪಕ್ಕದಿಂದ

ಕಡೂರಿನಲ್ಲಿ ಮದುವಣಗಿತ್ತಿಯ ತಂದೆಯೊಬ್ಬರು ಕರೆಸಿದರು. ಛತ್ರದ ಮುಂದಿನ ಬಯಲನ್ನು ನಡೆದು ನೋಡಿದೆ. ಕರೆಂಟಿನ ತಂತಿ ಎಲ್ಲಿ, ಗಾಳಿ ಯಾವ ಕಡೆ, ಎಲ್ಲವನ್ನೂ ಗುರುತು ಮಾಡಿಕೊಂಡು ಹೇಳಿದೆ, "ಡ್ರೋನ್ ಆ ಬೇಲಿಯ ಪಕ್ಕದಲ್ಲಿ ಹಾರುತ್ತದೆ. ಜನರ ತಲೆಯ ಮೇಲೆ ಬರುವುದಿಲ್ಲ."

"ತಲೆ ಮೇಲೆ ಬರದೆ ಇದ್ರೆ ಏನ್ರೀ ಕಾಣುತ್ತೆ?"

"ಪಕ್ಕದಿಂದ ಎಲ್ಲರೂ ಚೆನ್ನಾಗಿ ಕಾಣುತ್ತಾರೆ. ಮೇಲಿಂದ ಬಿದ್ದರೆ ಯಾರದಾದರೂ ತಲೆ ಒಡೆಯುತ್ತದೆ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಪಕ್ಕದಿಂದ ನೋಡೋಕೆ ನಮ್ ಭಾವಮೈದ ಎದುರುಮನೆ ತಾರಸಿ ಮೇಲೆ ನಿಂತ್ಕೋತಾನೆ ಬಿಡಿ. ಅವನು ಬಿದ್ರೂ ಅವನೊಬ್ಬನ ತಲೆಯೇ ಒಡೆಯೋದು."

೨. ಹಪ್ಪಳ

ತರೀಕೆರೆಯ ಮದುವೆಯೊಂದಕ್ಕೆ ನೆಂಟನಾಗಿ ಹೋಗಿದ್ದೆ. ಬಯಲಲ್ಲೇ ಪಂಕ್ತಿ. ಸಾರು ಬಡಿಸುವ ಹೊತ್ತಿಗೆ ಬೀರೂರಿನವನ ಡ್ರೋನು ನಮ್ಮ ನೆತ್ತಿಯ ಮೇಲೆಯೇ ಬಂದು ನಿಂತಿತು. ಕೆಳಕ್ಕೆ ಬೀಸಿದ ಗಾಳಿಗೆ ಬಾಳೆಲೆಗಳು ಮಗುಚಿದವು, ಎದುರುಸಾಲಿನ ಹಪ್ಪಳಗಳು ಪಾರಿವಾಳಗಳಂತೆ ಎದ್ದವು. ಹೆಂಗಸರು ಕೈ ಬೀಸಿ ನಗುತ್ತಿದ್ದರು. ನನ್ನ ಡ್ರೋನಿಗೆ ಯಾರೂ ಹಾಗೆ ಕೈ ಬೀಸಿದ್ದಿಲ್ಲ. ಬೇಲಿಯ ಪಕ್ಕದಲ್ಲಿರುವುದು ಯಾರಿಗೆ ಕಾಣಬೇಕು?

ತಡೆಯಲಾಗದೆ ಎದ್ದು ನಿಂತೆ. "ಇದು ಕಾನೂನುಬಾಹಿರ! ಊಟ ಮಾಡುವವರ ಮೇಲೆ ಯಾರಾದರೂ ಹಾರಿಸುತ್ತಾರೆಯೇ?"

ಪಕ್ಕದ ಅಜ್ಜ ನನ್ನ ಪಂಚೆ ಹಿಡಿದು ಎಳೆದು ಕೂರಿಸಿದರು. ಹಾರಿಬಂದ ಹಪ್ಪಳವೊಂದು ಅವರ ಎಲೆಯಲ್ಲಿತ್ತು. "ಸುಮ್ನೆ ಕೂತ್ಕೊಳ್ಳಪ್ಪ. ಬಡಿಸೋರು ಈ ಸಾಲಿಗೆ ಎರಡನೇ ಸಲ ಬರಲೇ ಇಲ್ಲ. ಅದಾದ್ರೂ ಬಂತು."

೩. ಕೇಳಿದವನು

ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಡ್ರೋನ್ ಹಾರಿಸಲು ಠಾಣೆಯೊಂದಕ್ಕೆ ಹೋಗಿ ಮುಂಚಿತವಾಗಿ ತಿಳಿಸಿದೆ. ಅಲ್ಲಿದ್ದ ಪೇದೆ ಕುರ್ಚಿ ಕೊಟ್ಟು ಕೂರಿಸಿ, ಬಹಳ ಹೊತ್ತು ಯೋಚಿಸಿದರು.

"ಸಾಹೇಬ್ರು ಬರ್ಬೇಕು ಸಾರ್. ನೋಡ್ಬೇಕು."

"ಬೀರೂರಿನವನು ಹೋದ ವಾರ ಇಲ್ಲೇ ಹಾರಿಸಿದನಲ್ಲ? ಅವನಿಗೆ ಅನುಮತಿ ಇತ್ತೇ?"

"ಅವರು ಕೇಳ್ಲಿಲ್ವಲ್ಲ ಸಾರ್! ಕೇಳದೆ ಇರೋರಿಗೆ ಹ್ಯಾಗೆ ಬೇಡ ಅನ್ನೋದು? ನೀವು ಕೇಳಿದೀರ. ಇನ್ನು ನಾವು ಯೋಚ್ನೆ ಮಾಡ್ಲೇಬೇಕು."

ಯೋಚನೆಯ ನಡುವೆ ತಮ್ಮ ಫೋನು ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. ಅವರ ತಂಗಿಯ ಮದುವೆಯಂತೆ. ದಿಬ್ಬಣದ ಮೇಲಿಂದ ಹಾದು, ಕೆರೆ ಏರಿ ದಾಟಿ, ಮತ್ತೆ ಮದುಮಗಳ ಮುಖಕ್ಕೆ ಇಳಿಯುವ ಒಂದೇ ಓಟದ ಚಿತ್ರ. ಬೀರೂರಿನವನದು. "ಚೆನ್ನಾಗಿದೆ ಅಲ್ವಾ ಸಾರ್?"

ಚೆನ್ನಾಗಿತ್ತು. ನನ್ನ ರಾತ್ರಿಯ ನಿದ್ದೆ ಕೆಡಿಸಿದ್ದು ಅದು ಕಾನೂನುಬಾಹಿರ ಎನ್ನುವುದಲ್ಲ. ಚೆನ್ನಾಗಿತ್ತು ಎನ್ನುವುದು.

೪. ದೃಷ್ಟಿ

ಎತ್ತಿನಗಾಡಿ ಓಟವೂ ಅವನಿಗೇ ಹೋಯಿತು. "ನೀವು ಹಗ್ಗ ಕಟ್ಟಿ, ಜನರನ್ನ ಹಿಂದೆ ನಿಲ್ಸಿ ಅಂತೀರ. ಅವನು ಏನೂ ಅನ್ನಲ್ಲ" ಎಂದರು ಸಮಿತಿಯ ಅಧ್ಯಕ್ಷರು. ಆದರೂ ಓಟದ ದಿನ ನನ್ನ ಡ್ರೋನನ್ನು ಕಾರಿನಲ್ಲಿಟ್ಟುಕೊಂಡು ಹೋದೆ. ಏಕೆ ಎಂದು ಕೇಳಬೇಡಿ.

ಬೀರೂರಿನವನು ತಾಯಿಯನ್ನೂ ಕರೆತಂದಿದ್ದ. ಆಕೆ ಡ್ರೋನಿಗೆ ಕುಂಕುಮವಿಟ್ಟು, ಕಪ್ಪು ದಾರದಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಅದರ ಹೊಟ್ಟೆಗೆ ಕಟ್ಟುತ್ತಿದ್ದರು. ಕಟ್ಟುತ್ತಾ ಕಟ್ಟುತ್ತಾ ನನ್ನ ಕಡೆ ಒಮ್ಮೆ ನೋಡಿ, ಇನ್ನೊಂದು ಗಂಟು ಹಾಕಿದರು.

ಹಗೆಯಾದರೂ ಹೇಳಬೇಕಾದ್ದನ್ನು ಹೇಳಲೇಬೇಕು. "ದಾರ ರೆಕ್ಕೆಗೆ ಸುತ್ತಿಕೊಳ್ಳುತ್ತದೆ. ಬಿಚ್ಚು" ಎಂದೆ.

"ನಿಮಗೆ ಹೊಟ್ಟೆಉರಿ ಕಣ್ರೀ," ಎಂದ ಬೀರೂರಿನವನು.

ಎರಡೂ ನಿಜವಾಗಿದ್ದವು.

ಡ್ರೋನು ಎದ್ದಿತು. ಎರಡು ಸಾಲು ಜನರ ತಲೆಯ ಮೇಲೆ, ಓಡುವ ಎತ್ತುಗಳ ಹಿಂದೆಯೇ, ನಾನು ಜನ್ಮದಲ್ಲಿ ಹಾರಿಸಲಾರದಷ್ಟು ಸೊಗಸಾಗಿ ಹೋಯಿತು. ಕೈಕಟ್ಟಿ ರೆಪ್ಪೆ ಮಿಟುಕಿಸದೆ ನೋಡುತ್ತಾ ನಿಂತೆ. ತಿರುವಿನಲ್ಲಿ ನಿಂಬೆಹಣ್ಣು ಜೋಲಿ ಹೊಡೆಯಿತು, ದಾರ ರೆಕ್ಕೆಗೆ ಸುತ್ತಿತು, ಡ್ರೋನು ಗಿರಗಿರ ತಿರುಗಿ ಜನರ ಆಚೆಗಿದ್ದ ಕಲಗಚ್ಚಿನ ಬಾನಿಗೆ ದೊಪ್ಪೆಂದು ಬಿತ್ತು. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ. ಬಾನಿಯಲ್ಲಿ ಮೂತಿ ಇಟ್ಟಿದ್ದ ಎತ್ತೊಂದು ತಲೆಯೆತ್ತಿ, ಮೂತಿ ಒರೆಸಿಕೊಳ್ಳಲು ಪಕ್ಕದವರ ಬಿಳಿ ಅಂಗಿ ಹುಡುಕಿತು.

ಜನ ಬಾನಿಯನ್ನು ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ನನ್ನನ್ನು ನೋಡಿದರು.

"ಆವಾಗಿಂದ ಇವ್ರೇ ನೋಡ್ತಿದ್ರು ಕಣ್ರೋ!" ಎಂದು ಗುಂಪಿನಿಂದ ಯಾರೋ ಕೂಗಿದರು.

ಅಷ್ಟರಲ್ಲಿ ಅಧ್ಯಕ್ಷರು ಓಡಿಬಂದು ನನ್ನ ಕೈ ಹಿಡಿದುಕೊಂಡರು. "ಸಾರ್, ಇನ್ನೂ ಫೈನಲ್ ಓಟ ಇದೆ. ನಿಮ್ಮಿಂದ ಒಂದು ಉಪಕಾರ ಆಗ್ಬೇಕು."

ಕೊನೆಗೂ ನನ್ನ ಕಾಲ ಬಂದಿತ್ತು! ಕಾರಿನ ಕೀಲಿಗೆ ಕೈ ಹಾಕಿದೆ. "ನಾನು ಸಿದ್ಧ. ಮೊದಲು ಹಗ್ಗ ಕಟ್ಟಿಸಿ."

"ಹಗ್ಗ ಬೇಡ ಸಾರ್. ಅವನ ಹತ್ರ ಇನ್ನೊಂದು ಡ್ರೋನ್ ಇದೆಯಂತೆ. ಅದು ಇಳಿಯೋವರೆಗೂ ನೀವು ಸ್ವಲ್ಪ ಆ ಕಡೆ ತಿರುಗಿ ನಿಂತ್ಕೊಬೇಕು."

ನನ್ನ ಸಿಟ್ಟು ನೆತ್ತಿಗೇರಿತು. ದಾರದ ವಿಷಯ, ರೆಕ್ಕೆಯ ವಿಷಯ, ಜನರ ತಲೆಯ ಮೇಲೆ ಏಕೆ ಹಾರಿಸಬಾರದು ಎನ್ನುವುದು, ನೋಂದಣಿ, ವಿಮೆ, ಸರ್ಟಿಫಿಕೇಟು, ಒಂದನ್ನೂ ಬಿಡದೆ ಅಲ್ಲೇ ಭಾಷಣ ಮಾಡಿದೆ. ಗುಂಪು ಇನ್ನಷ್ಟು ಹತ್ತಿರಕ್ಕೆ ಸರಿಯಿತು. ಬೀರೂರಿನವನ ತಾಯಿಯಂತೂ ನನ್ನ ಮುಂದೆಯೇ ಬಂದು ನಿಂತು, ತಲೆಯಾಡಿಸುತ್ತಾ ಕೊನೆಯವರೆಗೂ ಕೇಳಿದರು. ಒಬ್ಬರಿಗಾದರೂ ಅರ್ಥವಾಯಿತಲ್ಲ ಎಂದುಕೊಂಡೆ.

ನಾನು ಮುಗಿಸುತ್ತಲೇ ಆಕೆ ನಿಧಾನಕ್ಕೆ ಬಗ್ಗಿದರು.

"ನೀನು ಹೇಳಿದ್ದೆಲ್ಲ ಸರಿ ಕಣಪ್ಪ. ಈಗ ಒಂಚೂರು ಎಡಗಾಲು ಎತ್ತು. ಕೆಳಗಿನ ಮಣ್ಣು ಬೇಕು, ಡ್ರೋನಿಗೆ ದೃಷ್ಟಿ ತೆಗೀಬೇಕು."