ಇಬ್ಬರು ಟಪಾಲಿನವರು, ಒಂದು ಮೆಮೊ

ಶಿಸ್ತಿಲ್ಲದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ವಯಸ್ಸಾದಷ್ಟೂ ಈ ಉರಿ ಹೆಚ್ಚುತ್ತಿದೆ. ಕೊಟ್ಟೂರಿನ ಹೈಸ್ಕೂಲಿಗೆ ನಾನು ಹೆಡ್‌ಮಾಸ್ತರನಾಗಿದ್ದಾಗ ಡಸ್ಟರು ಕೂಡ ಕರಿಹಲಗೆಯ ಎಡಕ್ಕೇ ಇರಬೇಕಿತ್ತು. ಬಲಕ್ಕಿದ್ದರೆ ಮೆಮೊ, ಅದಕ್ಕೆ ಮರುದಿನ ಹತ್ತರೊಳಗೆ ಲಿಖಿತ ಉತ್ತರ. ಮನೆಯಲ್ಲಿ ಈ ಪದ್ಧತಿ ನಡೆಯಲಿಲ್ಲ. ಉಪ್ಪಿಟ್ಟು ತಡವಾದದ್ದಕ್ಕೆ ಕಾರಣ ಕೇಳಿದ್ದಕ್ಕೆ ನನ್ನ ಹೆಂಡತಿ ಮರುದಿನ ಉಪ್ಪಿಟ್ಟನ್ನೇ ಮಾಡಲಿಲ್ಲ.

ಶಾಲೆಗೆ ಹೊಸದಾಗಿ ಕಂಪ್ಯೂಟರ್ ಬಂದ ಕಾಲ. ಅದರಲ್ಲಿ ಇ-ಮೇಲ್ ಕಳಿಸುವ ಪ್ರೋಗ್ರಾಂ ಒಂದಿತ್ತು. ನಮ್ಮ ವಿಳಾಸ, ಪಾಸ್‌ವರ್ಡ್ ಎಲ್ಲ ಅದಕ್ಕೆ ಗೊತ್ತು. ಆಮೇಲೆ ಯಾರೋ ಕೊಟ್ಟ ಸಿ.ಡಿ.ಯಿಂದ ಎರಡನೆಯದೊಂದು ಬಂದು ಸೇರಿತು. ಅದಕ್ಕೆ ನಮ್ಮ ಶಾಲೆಯ ಹೆಸರೂ ಗೊತ್ತಿಲ್ಲ, ಅದಕ್ಕೆ ಕೊಟ್ಟ ಕಾಗದ ಹೊರಡುವುದೂ ಇಲ್ಲ. ಕಾಗದ ಬರೆದು ಕಳಿಸು ಎಂದರೆ, ಯಾವುದನ್ನು ಮುಖ್ಯವೆಂದು ಗೊತ್ತುಮಾಡಿದ್ದೇವೋ ಅದೇ ಎದ್ದು ಬರುತ್ತದೆ. ಹಳೆಯದೇ ಮುಖ್ಯ ಎಂದು ನಾನು ಆಜ್ಞೆ ಮಾಡಿ, ಕ್ಲಾರ್ಕ್ ಅನಸೂಯಮ್ಮನವರಿಂದ ಹಾಗೆಯೇ ಗೊತ್ತುಮಾಡಿಸಿದ್ದೆ.

ನಮ್ಮ ಡ್ರಾಯಿಂಗ್ ಮಾಸ್ತರು ಸಿದ್ದಪ್ಪನವರ ಹೆಂಡತಿ ಹೊಳಲಿನಲ್ಲಿ ನರ್ಸು. ಆರು ವರ್ಷದಿಂದ ಅವರು ಅಲ್ಲಿ, ಇವರು ಇಲ್ಲಿ. ಅಲ್ಲಿಗೆ ವರ್ಗ ಕೇಳುವ ಅರ್ಜಿ ಶುಕ್ರವಾರ ಸಂಜೆ ಐದರೊಳಗೆ ಇ-ಮೇಲಿನಲ್ಲಿ ಮೇಲಿನ ಕಚೇರಿಗೆ ಮುಟ್ಟಬೇಕಿತ್ತು. ಬುಧವಾರವೇ ಕಳಿಸಿ ನಿಶ್ಚಿಂತನಾಗಿದ್ದೆ. ಶುಕ್ರವಾರ ನಾಲ್ಕಕ್ಕೆ ಫೋನಿನಲ್ಲಿ ವಿಚಾರಿಸಿದರೆ ಅಲ್ಲಿಗೆ ಏನೂ ಬಂದಿಲ್ಲ. ಸಿದ್ದಪ್ಪನವರು ಬಾಗಿಲಲ್ಲೇ ನಿಂತರು. "ಈ ವರ್ಷನೂ ಹೋತು ಬಿಡ್ರಿ ಸರ. ನನ್ನ ಮಗಳು ನನಗ ಐತಾರದ ಅಪ್ಪ ಅಂತಾಳ್ರಿ."

ನೋಡಿದರೆ ಅರ್ಜಿ ಹೊಸ ಪ್ರೋಗ್ರಾಮಿನ ಔಟ್‌ಬಾಕ್ಸಿನಲ್ಲಿ, ಹೊರಡದೆ, ಹಾಯಾಗಿ ಮಲಗಿತ್ತು. ಯಾರೋ ನನ್ನ ಆಜ್ಞೆಯನ್ನು ಬದಲಿಸಿದ್ದರು! ಸಿಟ್ಟಿನಲ್ಲಿ ಮೆಮೊ ಬರೆದೆ: ತಪ್ಪಿತಸ್ಥರು ನಾಳೆ ಹತ್ತರೊಳಗೆ ಲಿಖಿತ ವಿವರಣೆ ಕೊಡತಕ್ಕದ್ದು, ಯಾವ ಸಬೂಬನ್ನೂ ಒಪ್ಪಲಾಗದು. ತರಗತಿ ತರಗತಿಗೆ ಕಳಿಸಿ ಎಲ್ಲರ ಸಹಿ ತರಿಸಿದೆ. ಅದಕ್ಕೇ ಅರ್ಧ ಗಂಟೆ ಹೋಯಿತು. ಪಾಪ, ಸಿದ್ದಪ್ಪನವರೂ ಸಹಿ ಹಾಕಿದರು.

ಅನಸೂಯಮ್ಮ ಮಾತ್ರ ಮೆಮೊವನ್ನು ಪಕ್ಕಕ್ಕಿಟ್ಟು ಕಂಪ್ಯೂಟರಿನ ಮುಂದೆ ಕೂತರು. ಹಳೆಯ ಪ್ರೋಗ್ರಾಂ ತೆರೆದು ಅರ್ಜಿ ಕಳಿಸಿ, ಮುಟ್ಟಿತೆಂದು ಫೋನಿನಲ್ಲಿ ಖಾತ್ರಿ ಮಾಡಿಕೊಂಡಾಗ ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಸಿದ್ದಪ್ಪನವರು ಹೆಂಡತಿಗೆ ತಿಳಿಸಲು ಅದೇ ಫೋನು ಎತ್ತಿಕೊಂಡರು.

ಆಮೇಲೆ ಅನಸೂಯಮ್ಮ ನನ್ನ ಕಡೆ ತಿರುಗಿದರು. "ಸರ, ದಿನಾ ಮುಂಜಾನಿ ಕ್ಲಾಸ್ ತಪಾಸಣಿ ಮಾಡಿದಂಗ ನೀವು ಎರಡೂ ಪ್ರೋಗ್ರಾಂ ತೆಗೆದು ನೋಡ್ತೀರಿ. ತೆಗೆದಾಗೊಮ್ಮೆ ಅವು, ನಾನ ಮುಖ್ಯ ಆಗ್ಲೇನ್ರಿ ಅಂತ ಕೇಳ್ತಾವ. ನೀವು ಎರಡಕ್ಕೂ ಹೌದು ಅಂತೀರಿ. ಕಡೀಗೆ ಕೇಳೋದು ಹೊಸಾದು, ಅದ ಮುಖ್ಯ ಆಗಿಬಿಡ್ತೈತಿ."

ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಹೋಗುವುದು ಅಶಿಸ್ತು ಎಂದು ಜೀವಮಾನವಿಡೀ ಪಾಠ ಹೇಳಿದವನು ನಾನು. ಆಕೆ ಮೆಮೊಗೆ ತಮ್ಮ ಸಹಿ ಹಾಕಿ, ಕೆಳಗೆ ಉಳಿದ ಜಾಗವನ್ನು ಬೆರಳಿಂದ ತೋರಿಸಿದರು. ಹಾಕಿದೆ.

ಮರುದಿನ ಒಂಬತ್ತೂ ಮುಕ್ಕಾಲಿಗೆ ನನ್ನ ಲಿಖಿತ ವಿವರಣೆ ನನ್ನ ಮೇಜಿಗೆ ಬಂತು. ಎರಡು ಸಲ ಓದಿದೆ. ಸಮಾಧಾನಕರವಾಗಿಲ್ಲ ಎಂದು ಕೆಂಪು ಶಾಯಿಯಲ್ಲಿ ಷರಾ ಬರೆದು ಫೈಲಿಗೆ ಸೇರಿಸಿದೆ.