ಪೆಂಡಾಲಿನವನ ಬೆನ್ನು ಹತ್ತಿದ ಆಣಿಕಲ್ಲು

ಯುಗಾದಿ ದಾಟಿದ್ರ ಸಾಕು, ನಮ್ಮ ಹುನಗುಂದದಾಗ ಮಧ್ಯಾಹ್ನ ಬಿಸಲು ಸುಡತೈತಿ, ಸಂಜಿಗೆ ಗಾಳಿ ಏಳತೈತಿ, ಮ್ಯಾಲಿಂದ ಆಣಿಕಲ್ಲು. ನಮ್ಮ ಅಜ್ಜನ ಕಾಲದಿಂದ ಹಿಂಗ ನಡದು ಬಂದೈತಿ. ಮದವಿ ಹಂಗಾಮೂ ಆಗ ಇರತೈತಿ, ನಾ ಪೆಂಡಾಲ ಹಾಕಾವ. ಹಿಂಗಾಗಿ ಗಾಳಿಗೂ ನನಗೂ ವರ್ಷಾ ಭೆಟ್ಟಿ ತಪ್ಪಂಗಿಲ್ಲ. ಇದರಾಗ ನನ್ನ ತಪ್ಪೇನೈತಿ ಹೇಳ್ರಿ? ಆದ್ರ ಮಂದಿ ಬಾಯಿ ಮುಚ್ಚಾಕ ಆಗತೈತೇನು? "ಇವ ಕಂಬ ನಿಲ್ಲಿಸಿದ್ರ ಆಣಿಕಲ್ಲು ಖರೆ" ಅಂತ ಹೆಸರು ಇಟ್ಟಬಿಟ್ರು. ಆ ಹೆಸರಿನಿಂದ ಕಡೀಕ ನನ್ನ ಮಗಳ ಮದವೀನ ಮುರದು ಬೀಳೂದಿತ್ತು.

ಸಾರಿನಾಗ ಬರ್ಫ

ಇಳಕಲ್ಲಿನಾಗ ಒಂದು ಮದವಿ. ಪಂಕ್ತಿ ಕುಂತಿತ್ತು, ಸಾರು ಬಡಸಾಕತ್ತಿದ್ರು. ಒಮ್ಮೆಲೆ ಗಾಳಿ ಬಂದು ಪೆಂಡಾಲಿನ ನಡುವಿನ ಬಟ್ಟಿ ಹರೀತು, ಟಪಟಪ ಆಣಿಕಲ್ಲು ಸುರದ್ವು. ಹೋಳಿಗಿ ಇನ್ನೂ ಬಡಸಿದ್ದಿಲ್ಲ ನೋಡ್ರಿ, ಒಬ್ಬಾಕೀನೂ ಏಳಲಿಲ್ಲ, ಒಬ್ಬಾವನೂ ಏಳಲಿಲ್ಲ. ಅಡಗಿಯವ ತಲಿ ಮ್ಯಾಲೆ ಬುಟ್ಟಿ ಬೋರಲ ಹಾಕ್ಕೊಂಡು ಬಡಸಾಕ ಬಂದ. ಮುದುಕ ಒಬ್ಬ ತಾಟಿನಾಗ ಕೈಯಾಡಿಸಿ ಅವನ ಮ್ಯಾಲೆ ಸಿಟ್ಟಾದ.

"ಲೇ ತಮ್ಮಾ, ಬರ್ಫ ಮಜ್ಜಿಗಿಗೆ ಹಾಕ ಅಂದ್ರ ಸಾರಿಗೂ ಹಾಕೀಯಲ್ಲೋ!"

ಮೊದಲ ಶ್ಯಾವಿಗಿ

ಬಾದಾಮ್ಯಾಗ ಇನ್ನೂ ಛಂದ. ಮದುಮಕ್ಕಳ ಮ್ಯಾಲೆ ಅಕ್ಕಿಕಾಳು ಬೀಳೂ ಹೊತ್ತಿಗೆ ಇಡೀ ಬಟ್ಟಿನ ಎದ್ದು, ಹಿಂದಿನ ಓಣಿಗೆ ಹಾರಿ ಹೋತು. ಬೆನ್ನು ಹತ್ತಿ ಓಡಿದೆ. ಒಂದು ಮನಿ ಮಾಳಗಿ ಮ್ಯಾಲೆ ಬಿದ್ದಿತ್ತು. ಆ ಮನಿ ಅಕ್ಕಾರು ಬಟ್ಟಿಯ ನಾಕೂ ಮೂಲಿಗೆ ಕಲ್ಲು ಹೇರಿ, ನಡುವ ಗಟ್ಟಿಯಾಗಿ ಕುಂತಿದ್ರು. ಕೆಳಗ ಅವರ ಒಣಹಾಕಿದ ಶ್ಯಾವಿಗಿ!

"ಅಕ್ಕಾರ, ಬಟ್ಟಿ ಕೊಡ್ರಿ, ನಂದು."

"ಮಳಿ ನಿಲ್ಲೂತನಕ ಮುಟ್ಟಬ್ಯಾಡ ನೋಡ!"

"ಅಲ್ಲಿ ಮದುಮಕ್ಕಳು ತೊಯ್ಯಾಕತ್ತಾರ್ರೀ!"

"ಅವರು ತೊಯ್ದ್ರ ಒಣಗತಾರ. ಶ್ಯಾವಿಗಿ ತೊಯ್ದ್ರ ನಿಮ್ಮವ್ವ ಬಂದು ಮತ್ತ ಹೊಸೀತಾಳೇನು?"

ಮಳಿಗೂ ಮದುಮಗ ಬೇಕು

ಒಂದು ವರ್ಷ ಪಟ್ಟದಕಲ್ಲಿನ ಕಡೆ ಒಂದು ಹಳ್ಳಿಯಿಂದ ಹಿರ್ಯಾರು ಬಂದ್ರು, ಪೆಂಡಾಲ ಹಾಕ ಅಂದ್ರು.

"ಯಾರ ಮದವಿರಿ?"

"ಮದವಿ ಇಲ್ಲಪ್ಪ. ಮಳಿ ಬಂದಿಲ್ಲ, ಅದಕ್ಕ ನೀ ಬೇಕಾಗೀದಿ."

ಸಿಟ್ಟು ಬಂತು, ನಗೂನೂ ಬಂತು. ಹೋಗಿ ಹಾಕಿದೆ. ಎಲ್ಲಾರೂ ಒಳಗ ಕುಂತು ಮುಗಲು ನೋಡಿದ್ದ ನೋಡಿದ್ದು, ಒಂದು ಹನಿ ಬೀಳಲಿಲ್ಲ. "ಮೋಡಕ್ಕ ಗೊತ್ತಾಗೈತಿ, ಒಳಗ ಮದುಮಗ ಇಲ್ಲ" ಅಂದ ಒಬ್ಬ. ಯಾರನ್ನರೆ ಬಾಸಿಂಗ ಕಟ್ಟಿ ಕೂಡ್ಸೂಣು ಅಂತ ಮಾತಾತು. ಹರೇದ ಹುಡುಗರೆಲ್ಲ ನಾಚಿ ಓಡಿದ್ರು. ಬಾಯಾಗ ಹಲ್ಲಿಲ್ಲದ ಅಜ್ಜ ಒಬ್ಬ ಅಷ್ಟರಾಗ ಜಳಕಾ ಮಾಡಿ, ಹೊಸಾ ಧೋತರ ಉಟಗೊಂಡು ಬಂದು ನಿಂತ.

"ಊರ ಸಲುವಾಗಿ ನಾ ತಯಾರ ಅದೇನಿ."

ಹಿಂದಿಂದ ಅವನ ಮುದುಕಿ ಒದರಿದ್ಲು: "ಕೂಡು, ಕೂಡು! ಮಳಿ ಆಮ್ಯಾಲೆ ಬರತೈತಿ, ಮೊದಲ ಸಿಡ್ಲ ಬಡೀತೈತಿ!"

ಬೀಗರ ಮಾತು

ಇಷ್ಟೆಲ್ಲಾ ಸುದ್ದಿ ಬಾಗಲಕೋಟಿತನಕ ಮುಟ್ಟಿತ್ತು. ಮಗಳನ್ನ ನೋಡಾಕ ಬಂದ ಬೀಗರು ಅಂದ್ರು, "ಹುಡುಗಿ ಪಸಂದ ಐತ್ರಿ. ಆದ್ರ ಪೆಂಡಾಲ ಬ್ಯಾರೆಯವ್ರು ಹಾಕಲಿ. ನೀವು ಒಂದು ಹಗ್ಗಾ ಮುಟ್ಟಿದ್ರೂ ಮದವಿ ಇಲ್ಲ."

ಮಗಳ ಮಾರಿ ನೋಡಿದೆ. "ಅಪ್ಪಾ, ನಿನ್ನ ಪೆಂಡಾಲದಾಗ ಕೂಡಾಕ ನನಗೂ ಅಂಜಿಕಿ" ಅಂದ್ಲು. ಮುಗೀತು, ಹೂಂ ಅಂದೆ.

ಮದವಿ ದಿನ ಬ್ಯಾರೆಯವ್ರು ಹಾಕಿದ ಪೆಂಡಾಲದಾಗ ಕೈ ಕಟಗೊಂಡು ಕುಂತೆ. ತಾಳಿ ಕಟ್ಟೂದು ಇನ್ನೇನು ಅನ್ನೂದರಾಗ ಎದ್ದ ಬಿಟ್ತು ಗಾಳಿ! ಆಣಿಕಲ್ಲು ಬಿದ್ದುವು. ಮಂದಿ ಖುರ್ಚಿ ತಲಿ ಮ್ಯಾಲೆ ಹೊತಗೊಂಡು ಓಡಿದ್ರು. ನಾ ಏಳಾಕ ಹ್ವಾದ್ರ ಹೆಂಡ್ತಿ ಅಂಗಿ ಹಿಡದು ಜಗ್ಗಿದ್ಲು, "ಕೂಡ್ರಿ! ಮುಟ್ಟಿದ್ರ ಮಗಳ ಮದವಿ ಹೋತು!" ಬೀಗರು, ಮದುಮಗನ ಅಪ್ಪ, ತಾವ ಓಡಿ ಹೋಗಿ ಒಂದು ಕಂಬ ತಬ್ಬಿ ಹಿಡದ್ರು. ಗಾಳಿ ಪೆಂಡಾಲ ಎತ್ತಿತು, ಪೆಂಡಾಲ ಕಂಬಾ ಎತ್ತಿತು, ಕಂಬ ಬೀಗರನ್ನ ಎತ್ತಿತು.

"ಬೀಗರ, ಹಿಡೀರೀ!" ಅಂತ ಮ್ಯಾಲಿಂದ ನನಗ ಒದರಿದ್ರು.

"ಹೆಂಗ ಹಿಡೀಲ್ರಿ? ಮುಟ್ಟಿದ್ರ ಮದವಿ ಇಲ್ಲ ಅಂದೀರಿ. ಮೊದಲ ತಾಳಿ ಕಟ್ಟಸ್ರಿ!"

ಬೀಗರು ಜೋಲ್ಯಾಡಕೋತ ಮಗನ ಕಡೆ ತಿರುಗಿದ್ರು.

"ಲೇ, ಕಟ್ಟೋ ಜಲ್ದಿ! ನಿಮ್ಮಪ್ಪ ಹಾರಿ ಹೊಂಟಾನ!"