ಒಂದು ಚೂರೂ ಹಳೇ ಟೈರಿಲ್ಲ

"ನಿಮ್ಮ ಮ್ಯಾಟಿಗೆ ಹಳೇ ಟೈರಿನ ಪುಡಿ ಬೆರೆಸ್ತೀರಂತೆ, ಹೌದೇನ್ರೀ?" ಎಂದು ಹಾಲಿನ ಡೇರಿಯ ಸೆಕ್ರೆಟರಿ ಗಂಗಾಧರಪ್ಪ ಫೋನಿನಲ್ಲಿ ಕೇಳಿದಾಗ, ಇಂದ್ರೇಶನ ನಾಲಗೆ ಅವನನ್ನು ಒಂದು ಮಾತೂ ಕೇಳದೆ ಉತ್ತರ ಕೊಟ್ಟುಬಿಟ್ಟಿತು.

"ಛೇ ಛೇ, ಒಂದು ಚೂರೂ ಇಲ್ಲ ಸಾರ್. ಎಲ್ಲಾ ಹೊಸಾ ರಬ್ಬರು."

"ಮಧ್ಯಾಹ್ನ ಬಂದು ನೋಡ್ತೀನಿ."

ಅರಸೀಕೆರೆಯ ಅಂಚಿನಲ್ಲಿದ್ದ ಇಂದ್ರೇಶನ ಶೆಡ್ಡಿನಲ್ಲಿ ಕೊಟ್ಟಿಗೆಗೆ ಹಾಸುವ ಮ್ಯಾಟು ತಯಾರಾಗುತ್ತಿತ್ತು. ಹೊಸ ರಬ್ಬರಿಗೆ ಹಳೆ ಟೈರಿನ ಪುಡಿ ಬೆರೆಸಿದರೆ ಖರ್ಚು ಕಡಿಮೆ, ಮ್ಯಾಟೂ ಚೆನ್ನಾಗಿಯೇ ಬರುತ್ತಿತ್ತು. ಆದರೆ ಡೇರಿಯ ಆರ್ಡರು ಕೈ ತಪ್ಪಿದರೆ ಶೆಡ್ಡಿಗೆ ಬೀಗವೇ ಗತಿ. ಅಂಗಳದಲ್ಲೋ ಟೈರುಗಳು ಮದುವೆ ಮನೆಯ ವಡೆಗಳಂತೆ ರಾಶಿ ಬಿದ್ದಿದ್ದವು.

"ಅದ್ಕ್ಯಾಕ್ಲಾ ಮುಖ ಇಳೇಬಿಟ್ಕೊಂಡಿದ್ದೀಯ, ನಾವಿಲ್ವಾ?" ಎಂದಳು ಪಕ್ಕದ ಮನೆಯ ಮಾದಮ್ಮ. ಟೈರುಗಳನ್ನು ತನ್ನ ಹಿತ್ತಲಿಗೆ ಉರುಳಿಸಿ, ಮಣ್ಣು ತುಂಬಿ, ಬಸಳೆ ಬಳ್ಳಿ ನೆಟ್ಟೇಬಿಟ್ಟಳು. ಎದುರಿನ ಇಸ್ತ್ರಿ ಅಂಗಡಿಯ ಸಣ್ಣಯ್ಯ ಪುಡಿಯ ಮೂಟೆಗಳನ್ನು ಹೊತ್ತೊಯ್ದು ತನ್ನ ಇದ್ದಿಲಿನ ಮೂಟೆಗಳ ನಡುವೆ ಸೇರಿಸಿದ. ದಾರಿಯಲ್ಲಿ ಒಂದು ಮೂಟೆ ಒಡೆಯಿತು. ಗಾಳಿ ಬೀಸಿತು. ಮೂವರೂ ದೋಸೆ ಹಂಚಿನ ತಳದಂತಾದರು.

ಆ ಹೊತ್ತಿಗೇ ಗಂಗಾಧರಪ್ಪ ಬೈಕಿನಿಂದಿಳಿದ. "ಏನ್ರೀ ಇದು ಮಸಿ?"

"ಇದ್ದಿಲು ಸಾ," ಎಂದ ಸಣ್ಣಯ್ಯ. "ಮ್ಯಾಟಿಗೂ ಹಳೇ ಟೈರಿಗೂ ಸಂಬಂಧವೇ ಇಲ್ಲ. ಮಾಲೇಕಲ್ಲು ತಿಮ್ಮಪ್ಪನಾಣೆ."

ಗಂಗಾಧರಪ್ಪನ ಮುಖ ಬಾಡಿತು. "ಹಂಗಾದ್ರೆ ಬ್ಯಾಡ ಬಿಡಿ. ನಮ್ಮ ಹಾಲಿನ ವ್ಯಾನುಗಳ ಹಳೇ ಟೈರು ಡೇರಿ ಹಿಂದೆ ಗುಡ್ಡೆ ಬಿದ್ದು ಸೊಳ್ಳೆ ಸಾಕ್ತಾ ಐತೆ. ಅದನ್ನ ಪುಡಿ ಮಾಡಿ ಬೆರೆಸೋರಿಗೇ ಆರ್ಡರು ಕೊಡೋದು ಅಂತ ಮೀಟಿಂಗಲ್ಲಿ ತೀರ್ಮಾನ ಆಗೈತೆ."

ಇಂದ್ರೇಶ ಅವನಿಗೆ ಅಡ್ಡ ಬಂದು ನಿಂತ. "ಸಾರ್, ನಾನು ಸುಳ್ಳು ಹೇಳಿದ್ದು. ಅರ್ಧಕ್ಕರ್ಧ ಹಳೇ ಟೈರೇ. ಇವ್ರನ್ನೇ ಕೇಳಿ."

ಸಣ್ಣಯ್ಯ ಎದೆ ಸೆಟೆಸಿದ. "ದ್ಯಾವ್ರ ಮ್ಯಾಲೆ ಆಣೆ ಇಟ್ಟಿವ್ನಿ. ಇಲ್ಲ ಅಂದ್ರೆ ಇಲ್ಲ."

ಇಂದ್ರೇಶ ಸೆಕ್ರೆಟರಿಯ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ ಟೈರು ತೋರಿಸಿದ.

"ಅವು ನನ್ನ ಬಸಳೆ ಪಾತಿ ಸಾ," ಎಂದಳು ಮಾದಮ್ಮ. "ಪಾಪ, ಬಿಸಿಲಿಗೆ ಹುಡುಗನ ತಲೆ ತಿರುಗೈತೆ."

ಗಂಗಾಧರಪ್ಪ ಕೈ ಕೊಡವಿಕೊಂಡ. "ಆರ್ಡರಿಗೋಸ್ಕರ ಹೊಸಾ ರಬ್ಬರನ್ನೂ ಹಳೇದು ಅಂತೀರಲ್ಲ, ನಾಚ್ಕೆ ಆಗಲ್ವಾ?" ಎಂದವನೇ ಬೈಕು ಹತ್ತಿ ಹೊರಟುಹೋದ.

ಇಂದ್ರೇಶ ಬಸಳೆ ಪಾತಿಯ ಅಂಚಿನಲ್ಲೇ ಕುಳಿತ. ಮಾದಮ್ಮ ಹತ್ತಿರ ಬಂದು ಬೆನ್ನು ತಟ್ಟಿದಳು.

"ನೋಡ್ದಾ, ಬಾಯಿ ಬಿಡ್ಸಾಕೆ ಏನ್ ನಾಟ್ಕ ಆಡ್ದ ಅವ್ನು. ನೀನೂ ನಂಬಿಬಿಟ್ಟಿದ್ದೆ. ನಾವು ಬಿಟ್ಟುಕೊಟ್ವಾ?"